ವ್ಯಾನಿಗೆ ಮಂಚ ಕೂರಿಸಿದ ಮೇಸ್ತ್ರಿ

ರಾಬರ್ಟ್‌ಸನ್‌ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬಚ್ಚಲುಮನೆ ಬಾಗಿಲಿಗೆ ಒಂದು ಚಿಲಕ ಕೇಳಿ ನಿಂತಿದ್ದೆ. ಅಂಗಡಿಯವರು ಬೆನ್ನು ತಿರುಗಿಸಿಕೊಂಡು ಡಬ್ಬಗಳನ್ನು ತಡಕಾಡುತ್ತಲೇ, "ನಿಮ್ಮ ಮೇಸ್ತ್ರಿ ಓಗ್ಬುಟ್ರಂತಲ್ಲ ಟೀಚರ್, ಮೊನ್ನೆ ಸೋಮವಾರ," ಅಂದರು. ನಾನು "ಒಳ್ಳೇದು" ಅಂದುಬಿಟ್ಟೆ.

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದ ಬಾಯಿ ಇದು. ಮಕ್ಕಳು ಎದ್ದು ನಿಂತು ಏನು ಹೇಳಿದರೂ, ಸರಿಯೋ ತಪ್ಪೋ ಯೋಚಿಸುವ ಮೊದಲೇ "ಒಳ್ಳೇದು, ಕೂತ್ಕೋ" ಅಂದು ಅಭ್ಯಾಸ. ಅಂಗಡಿಯವರು ತಿರುಗಿ ನನ್ನ ಮುಖವನ್ನೇ ನೋಡಿದರು. "ಅಯ್ಯೋ, ಹಾಗಲ್ಲ, ಏನಾಗಿತ್ತು ಅವರಿಗೆ?" ಅಂದೆ. ಎದೆನೋವಂತೆ. ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ದುಡ್ಡು ಕೊಟ್ಟು ಆಚೆ ಬಂದು ಆಟೋ ಹತ್ತಿದೆ. ಅರ್ಧ ದಾರಿಯಲ್ಲಿ ನೋಡಿದರೆ ಕೈಯಲ್ಲಿ ಚಿಲಕವಿಲ್ಲ, ಅಂಗಡಿಯಲ್ಲೇ ಬಿಟ್ಟಿದ್ದೆ. ಅಳು ಬರಬೇಕಿತ್ತೋ ಸಿಟ್ಟು ಬರಬೇಕಿತ್ತೋ ಒಂದೂ ತಿಳಿಯಲಿಲ್ಲ. ಒಂದು ವರ್ಷದ ಮೇಲಾಗಿತ್ತು, ಆ ಮನುಷ್ಯನ ಮುಖ ಇನ್ನು ನೋಡಲ್ಲ ಅಂತ ಹಟ ಹಿಡಿದು ಕೂತಿದ್ದವಳು ನಾನು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಇಲ್ಲಿ ಯಾರಿಗೂ ಗುರುತು ಸಿಗದು, ಎಲ್ಲರಿಗೂ ಅವರು ಮೇಸ್ತ್ರಿ ಅಷ್ಟೆ. ಕ್ಯಾಸಂಬಳ್ಳಿ ಕಡೆಯ ಒಂದು ಹಳ್ಳಿಯವರು. ಕೆಜಿಎಫ್‌ನ ಕಾರ್ಖಾನೆಯಲ್ಲಿ ರೈಲು ಬೋಗಿಗಳಿಗೆ ಮೂವತ್ತು ವರ್ಷ ಬರ್ತ್ ಕೂರಿಸಿ ರಿಟೈರ್ ಆದವರು. ಆಮೇಲೆ ಮಾರಿಕುಪ್ಪಂ ಸ್ಟೇಷನ್ನಿನ ಆಚೆ ಒಂದು ತಗಡಿನ ಶೆಡ್ಡು ಹಾಕಿಕೊಂಡು ಮಂಚ, ಕಪಾಟು, ಆಟೋ ಸೀಟು ಅಂತ ಏನು ತಂದರೂ ರಿಪೇರಿ ಮಾಡಿಕೊಡುತ್ತಿದ್ದರು. ಕುಳ್ಳು ಮನುಷ್ಯ, ಮೈಗಿಂತ ದೊಡ್ಡ ಕಿವಿ. ಕಾರ್ಖಾನೆಯ ನೀಲಿ ಅಂಗಿಯನ್ನು ಹರಿಯುವವರೆಗೂ ಬಿಡಲಿಲ್ಲ. ಬೋಲ್ಟು ಎಣಿಸುವಾಗ ಒಣ್ಣು, ರೆಂಡು, ಮೂಣು ಅಂತ ತಮಿಳು. ಕೈಗೆ ಸುತ್ತಿಗೆ ಬಿದ್ದರೆ ತೆಲುಗು. ಒಂದು ದಿನ ಕೇಳಿದೆ, ಇದೇನು ಮೇಸ್ತ್ರಿ ಹೀಗೆ ಅಂತ.

"ಎಣಿಸೋದು ಕಲ್ತಿದ್ದು ಕಾರ್ಖಾನೇಲಿ ಕಣಮ್ಮ. ಬೈಯೋದು ಕಲ್ತಿದ್ದು ನಮ್ಮಪ್ಪನ ತಾವ."

"ಮತ್ತೆ ಕನ್ನಡದಲ್ಲಿ ಏನು ಕಲಿತಿರಿ?"

"ಬೈಸ್ಕೊಳ್ಳೋದು, ನಿಮ್ಮತ್ರ," ಅಂದು ತಮಗೆ ತಾವೇ ನಕ್ಕರು.

ನಾನು ಬೈಯುತ್ತಿದ್ದೆ, ನಿಜ. ನನ್ನ ಬಾಯಿ ಬಗ್ಗೆ ಬಂಗಾರಪೇಟೆಯಲ್ಲಿ ನನ್ನ ತವರಿನವರನ್ನು ಕೇಳಿದರೆ ಅರ್ಧ ದಿನ ಹೇಳುತ್ತಾರೆ. ಆದರೆ ಮೇಸ್ತ್ರಿಯ ವಿಷಯದಲ್ಲಿ ನನಗೆ ಬೇರೆ ದಾರಿಯಿರಲಿಲ್ಲ, ಹೊತ್ತು ಮೀರುತ್ತಿತ್ತು.

ನಮ್ಮ ಯಜಮಾನರು ಗದಗಿನವರು. ಅದೇ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದರು. ನಾಲ್ಕು ವರ್ಷದ ಹಿಂದೆ ಸ್ಟ್ರೋಕ್ ಆಗಿ ಎಡಗೈ ಎಡಗಾಲು ಬಿದ್ದುಹೋದವು, ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಮಾತು ಉಳಿಯಿತು, ಬಲಗೈ ಉಳಿಯಿತು. ಗದಗಿನಲ್ಲಿ ಅವರಿಗೆ ಒಬ್ಬರೇ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಆ ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂತ ಆಸ್ಪತ್ರೆಯವರು ಕಳಿಸಿಬಿಟ್ಟಿದ್ದರು. ವಾರಕ್ಕೊಮ್ಮೆ ನನಗೆ ಫೋನ್ ಮಾಡಿ, "ತಂಗೀ, ನನ್ನ ತಮ್ಮನ್ನ ಒಮ್ಮೆ ಕರಕೊಂಡು ಬಾರವ್ವ. ಅವನ ಮಾರಿ ಒಮ್ಮೆ ನೋಡಿದ್ರ ಸಾಕು ನನಗ," ಅನ್ನುತ್ತಿದ್ದರು.

ಕರೆದುಕೊಂಡು ಹೋಗುವುದು ಹೇಗೆ? ರೈಲು ಅಂದರೆ ಯಜಮಾನರು, "ಮಂದಿ ಎಲ್ಲಾ ನೋಡ್ತಾರ, ನಾ ಒಲ್ಲೆ." ಆಂಬುಲೆನ್ಸ್ ಅಂದರೆ, "ನಾ ಇನ್ನೂ ಹೆಣ ಆಗಿಲ್ಲ." ಕಾರಿನಲ್ಲಿ ಅಷ್ಟು ದೂರ ಕೂರಲು ಆಗದು. ಹೋಗಲಿ, ವಿಡಿಯೋ ಕಾಲ್ ಮಾಡಿಕೊಡ್ತೀನಿ ಅಂದರೆ ಅದೂ ನೆಟ್‌ವರ್ಕ್ ಇಲ್ಲ ಅಂತ ಫೋನನ್ನು ಕಿವಿಗೇ ಹಚ್ಚಿಕೊಳ್ಳುವರು. ನಾನು ಒಂದೊಂದು ಅಡ್ಡಿಯನ್ನೂ ಪಟ್ಟಿ ಮಾಡಿ ಒಂದೊಂದಕ್ಕೂ ಉತ್ತರ ಹುಡುಕುವ ಜಾತಿ. ಮೊಬೈಲಿನಲ್ಲಿ ಯಾರೋ ವ್ಯಾನನ್ನೇ ಮನೆ ಮಾಡಿಕೊಂಡು ಊರೂರು ಸುತ್ತುವುದನ್ನು ನೋಡಿದೆ. ಮಂಚ, ಒಲೆ, ಕಪಾಟು ಎಲ್ಲ ಒಳಗೇ. ಸರಿ, ಬಂಗಾರಪೇಟೆಯಲ್ಲಿ ಒಂದು ಹಳೇ ಸ್ಕೂಲ್ ವ್ಯಾನ್ ಮಾರಾಟಕ್ಕಿತ್ತು, ತಂದು ನಿಲ್ಲಿಸಿದೆ. ಡ್ರೈವಿಂಗ್ ನನಗೆ ಮೊದಲೇ ಬರುತ್ತಿತ್ತು. ಯಜಮಾನರು ಕಿಟಕಿಯಿಂದ ಅದನ್ನು ನೋಡಿ, "ಹೂಂ, ಮಾಡಿಸು, ನೋಡೂಣು," ಅಂದರು. ನನಗೆ ಅಷ್ಟೇ ಸಾಕಾಯಿತು.

ಮೊದಲು ಬಂದ ಬಡಗಿ, ಒಳಗೋಡೆಗೆಲ್ಲ ಪ್ಲೈವುಡ್ ಹೊಡೆದು ಅದಕ್ಕೇ ಉದ್ದ ಸ್ಕ್ರೂ ಹಾಕಿ ಮಂಚ, ಕಪಾಟು ಎಲ್ಲ ತಗುಲಿಸಿಬಿಡ್ತೀನಿ, ಎರಡು ದಿನದ ಕೆಲಸ ಅಂದ. ಬೇಡ ಅಂತ ಕಳಿಸಿಬಿಟ್ಟೆ. ನಾವು ನೀವು ಬ್ರೇಕ್ ಬಿದ್ದರೆ ಕೈ ಊರಿ ಸಾವರಿಸಿಕೊಳ್ಳುತ್ತೇವೆ. ಇವರು ಜಾರಿದರೆ ಜಾರಿದಂತೆ. ತಲೆಯ ಮೇಲಿನ ಕಪಾಟು ಕಳಚಿದರೆ ಪಕ್ಕಕ್ಕೆ ಹೊರಳಲೂ ಆಗದು. ಅದಕ್ಕೇ ಆ ಹಾರ್ಡ್‌ವೇರ್ ಅಂಗಡಿಯವರನ್ನು ಕೇಳಿದಾಗ ಅವರು ಮೇಸ್ತ್ರಿಯನ್ನು ತೋರಿಸಿದ್ದು.

ಮೊದಲ ದಿನ ಮನೆಗೆ ಬಂದವರು ವ್ಯಾನಿನ ಹತ್ತಿರ ಹೋಗಲೇ ಇಲ್ಲ. ನಡುಬೆರಳನ್ನು ಮಡಿಸಿ, ಅದರ ಗೆಣ್ಣಿನಿಂದ ನಮ್ಮ ಮನೆಯನ್ನೇ ಬಡಿಯುತ್ತಾ ಹೊರಟರು. ಬೀರು ಬಡಿದರು. ಟಿವಿ ಸ್ಟ್ಯಾಂಡು ಬಡಿದರು. ಬಡಿಯುವುದು, ಕಿವಿ ಕೊಡುವುದು. ದೇವರ ಹಲಗೆ ಬಡಿದು, "ಇದು ಬೀಳ್ತದೆ," ಅಂದು, ನನ್ನನ್ನು ಒಂದು ಮಾತೂ ಕೇಳದೆ ದೇವರನ್ನೆಲ್ಲ ಎತ್ತಿ ಸೋಫಾ ಮೇಲೆ ಸಾಲಾಗಿ ಕೂರಿಸಿ, ಹಲಗೆ ಕಿತ್ತು ಬೇರೆ ಜಾಗಕ್ಕೆ ಹೊಡೆದರು. "ರೀ, ನಾನು ನಿಮ್ಮನ್ನ ಕರೆದದ್ದು ವ್ಯಾನಿಗೆ," ಅಂತ ಕೂಗಿದೆ. "ವ್ಯಾನು ಎಲ್ಲೂ ಓಗಲ್ಲ ಟೀಚರಮ್ಮ. ದೇವ್ರು ಬಿದ್ರೆ ಕಷ್ಟ," ಅಂದರು.

ಆಮೇಲೆ ನಮ್ಮ ಯಜಮಾನರನ್ನು ಅಳೆದರು. ಮಂಚದ ಮೇಲೆ ಮಲಗಿದ್ದವರ ಉದ್ದ, ಭುಜದ ಅಗಲ, ಬಲಗೈ ಚಾಚಿದರೆ ಎಲ್ಲಿಗೆ ಮುಟ್ಟುತ್ತದೆ, ಎಲ್ಲವನ್ನೂ. ಸಂಕೋಚದ ಮನುಷ್ಯ ನಮ್ಮವರು, ಡಾಕ್ಟರಿಗೂ ಮುಖ ತಿರುಗಿಸುವವರು. ಅಂಥವರು ಆವತ್ತು ಸುಮ್ಮನೆ ಅಳೆಸಿಕೊಂಡರು. ನಾನು ಕಾಫಿ ಮಾಡಿ ತರುವಷ್ಟರಲ್ಲಿ ಇಬ್ಬರೂ ಕಾರ್ಖಾನೆಯ ಯಾವುದೋ ಹಳೇ ಕ್ರೇನಿನ ಮಾತು ತೆಗೆದು ನಗುತ್ತಿದ್ದರು. ಸ್ಟ್ರೋಕ್ ಆದಮೇಲೆ ಅವರು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಮೇಸ್ತ್ರಿಯ ಮೇಲೆ ನನಗೆ ಮೊದಲು ಹುಟ್ಟಿದ್ದು ಆ ಋಣ.

ಕೆಲಸ ಶುರುವಾದದ್ದು ಯುಗಾದಿ ಕಳೆದು. ವ್ಯಾನನ್ನು ಶೆಡ್ಡಿಗೆ ಬಿಟ್ಟು ಬಂದೆ. ಶಾಲೆ ಮುಗಿಸಿ ಆಗಾಗ ಹೋಗಿ ನೋಡುವೆ. ಹೋದಾಗಲೆಲ್ಲ ವ್ಯಾನಿನ ಒಳಗೆ ಕೂತು ತಗಡನ್ನು ಬಡಿಯುತ್ತಿರುತ್ತಿದ್ದರು. "ಇದು ಚರ್ಮ ಕಣಮ್ಮ," ಅಂತ ಗೋಡೆ ತೋರಿಸುವರು. ಒಂದು ಕಡೆ ಬಡಿದರೆ ಡಬ್ ಅನ್ನುತ್ತಿತ್ತು, ಇನ್ನೊಂದು ಕಡೆ ಟಕ್. "ಇಗೋ, ಇಲ್ಲಿ ಎಲುಬೈತೆ. ಚರ್ಮಕ್ಕೆ ಮೊಳೆ ಒಡೀಬಾರ್ದು, ಎಲುಬ್ನ ಇಡ್ಕೋಬೇಕು." ತಗಡಿನ ಹಿಂದೆ ಕಂಬಿಗಳಿರುವ ಕಡೆಯಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗೀಟು ಹಾಕಿದ್ದರು. ಮಂಚದ ಕಾಲಿನ ಬೋಲ್ಟುಗಳನ್ನು ನೆಲದ ಆಚೆಗೆ ಇಳಿಸಿ, ಗಾಡಿಯ ಕೆಳಗೆ ಮಲಗಿಕೊಂಡು ಅಲ್ಲಿ ಅಂಗೈ ಅಗಲದ ಕಬ್ಬಿಣದ ಪಟ್ಟಿ ಕೊಟ್ಟು ನಟ್ಟು ಬಿಗಿದಿದ್ದರು. ಪಟ್ಟಿ ಯಾಕೆ ಅಂದರೆ, ಎಳೆತ ಬಿದ್ದಾಗ ಬರೀ ನಟ್ಟಾದರೆ ತಗಡನ್ನು ಹರಿದುಕೊಂಡು ಮೇಲೆ ಬರುತ್ತದೆ. ಇದು ನನಗೂ ಗೊತ್ತಿತ್ತು, ಒಂಬತ್ತನೇ ಕ್ಲಾಸಿನಲ್ಲಿ ಒತ್ತಡದ ಪಾಠದಲ್ಲಿ ಬರುತ್ತದೆ. ಅದಕ್ಕೆ ನಾನೂ ಸುಮ್ಮನಿರಲಾರದೆ, ಕಪಾಟಿನ ತೂಕ, ಬ್ರೇಕು, ವೇಗ ಎಲ್ಲ ಗುಣಿಸಿ ಭಾಗಿಸಿ ಒಂದು ಹಾಳೆ ಬರೆದು ತಂದು ನಾಲ್ಕು ಬೋಲ್ಟು ಸಾಕು ಅಂತ ಕೊಟ್ಟೆ. ಹಾಳೆಯನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ನೋಡಿದರು.

"ಲೆಕ್ಕ ಸರ್ಯಾಗೈತೆ. ಆದ್ರೆ ಬೋಲ್ಟಿಗೆ ಲೆಕ್ಕ ಗೊತ್ತಿಲ್ವಲ್ಲಮ್ಮ," ಅಂದು ಎಂಟು ಹಾಕಿದರು.

ಎಂಟು ಹಾಕಿಯೂ ಅದು ಬಿತ್ತು.

ಆಷಾಢದಲ್ಲಿ ಒಂದು ಭಾನುವಾರ, "ನಡೀರಮ್ಮ, ಗಾಡಿ ಓಡ್ಸಿ," ಅಂತ ಕರೆದರು. ನಾನು ಸ್ಟಿಯರಿಂಗ್ ಹಿಡಿದು ತಿರುಗಿ ನೋಡಿದರೆ, ಮೇಸ್ತ್ರಿ ನಮ್ಮವರ ಮಂಚದ ಮೇಲೆ, ತಲೆ ಕಪಾಟಿನ ಕೆಳಗೆ ಕೊಟ್ಟು, ಎದೆಯ ಮೇಲೆ ಬುತ್ತಿ ಡಬ್ಬ ಇಟ್ಟುಕೊಂಡು ಮಲಗಿದ್ದಾರೆ. ಅವರ ಅಪ್ಪ ಗಣಿಯೊಳಗೆ ಮೇಲಿನ ಬಂಡೆಗೆ ಮರದ ಆನಿಕೆ ಕೊಡುವ ಕೆಲಸದವರಂತೆ. ಆನಿಕೆ ಕೊಟ್ಟವನೇ ಮೊದಲು ಅದರ ಕೆಳಗೆ ಕೂತು ಬುತ್ತಿ ಉಣ್ಣಬೇಕು, ಆಮೇಲೇ ಬೇರೆಯವರು ಕಾಲಿಡೋದು. "ನಮ್ಮಪ್ಪ ಅಂಗೇ ಮಾಡ್ತಿದ್ರು. ನಾನೂ ಅಂಗೇಯ," ಅಂದರು. ಹುಚ್ಚಾಟ ಬೇಡ, ಮೂಟೆ ಇಟ್ಟು ನೋಡೋಣ ಅಂದೆ. "ಮೂಟೆ ಅಯ್ಯೋ ಅನ್ನಲ್ವಲ್ಲ," ಅಂದರು.

ಕ್ಯಾಸಂಬಳ್ಳಿ ರಸ್ತೆಯಲ್ಲಿ ಒಂದು ಹಳ್ಳ ತಪ್ಪಿಸಲು ಹೋಗಿ ಇನ್ನೊಂದಕ್ಕೆ ಇಳಿಸಿದೆ. ಹಿಂದೆ ಪಟಾರ್ ಅಂತ ಶಬ್ದ. ನಿಲ್ಲಿಸಿ ಓಡಿದೆ. ಕಪಾಟಿನ ಒಂದು ತುದಿ ಕಿತ್ತುಕೊಂಡು ಅವರ ಭುಜದ ಮೇಲೆ ಕೂತಿತ್ತು. ಚಿತ್ರಾನ್ನವೆಲ್ಲ ಹೊಸ ಹಾಸಿಗೆಯ ಮೇಲೆ. ಎತ್ತಲು ಹೋದರೆ, "ತಾಳಿ, ತಾಳಿ, ಮುಟ್ಬ್ಯಾಡಿ," ಅಂದವರು, ಅದರ ಕೆಳಗಿನಿಂದ ಈಚೆ ಬರದೆ, ಕತ್ತು ತಿರುಗಿಸಿ ಎಲ್ಲಿ ಕಿತ್ತಿದೆ ಅಂತ ನೋಡುತ್ತಿದ್ದರು! ನನಗೆ ನಗು ಬಂತು, ಅಷ್ಟೇ ಬೇಗ ನಿಂತೂ ಹೋಯಿತು. ಅಲ್ಲಿ ನಮ್ಮವರು ಮಲಗಿದ್ದರೆ ಏನಾಗುತ್ತಿತ್ತು ಅನ್ನುವುದು ಆಗ ತಲೆಗೆ ಹೋಯಿತು.

ಭುಜದ ಮೂಳೆ ಬಿರಿದಿತ್ತು. ಪಟ್ಟಿ ಕಟ್ಟಿಸಿಕೊಂಡು ಕೂತವರು ನೋವಿನ ಮಾತೇ ಆಡಲಿಲ್ಲ. "ತಪ್ಪು ನಂದೇ ಅಮ್ಮ. ರೈಲು ಪೆಟ್ಟಿಗೆ ಅಂತ ತಿಳ್ಕೊಂಡೆ. ಅದು ಮೈ ಬಗ್ಗಿಸಲ್ಲ. ಈ ಬಡ್ಡೀಮಗಂದು ಹಳ್ಳಕ್ಕಿಳಿದ್ರೆ ಮೈ ಮುರೀತದೆ. ನಾನು ಕಪಾಟ್ನ ಮೇಲೂ ಬಿಗ್ದೆ, ಪಕ್ಕಕ್ಕೂ ಬಿಗ್ದೆ. ಎರಡು ಕಡೆಯಿಂದ ಎಳೆದ್ರೆ ಅದು ತಾನೆ ಏನ್ ಮಾಡ್ತದೆ?" ಆಮೇಲೆ ಎಲ್ಲ ಬಿಚ್ಚಿದರು. ಒಂದು ಪಕ್ಕ ಎಲುಬಿಗೆ ಬಿಗಿ, ಇನ್ನೊಂದು ಪಕ್ಕ ನಡುವೆ ರಬ್ಬರ್ ಕೊಟ್ಟು ಅಲುಗಾಡಲು ಜಾಗ. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದರೆ ನಮ್ಮ ಕನ್ನಡ ಮೇಡಂ, "ಸಂಸಾರವೂ ಹಾಗೇ ಅಲ್ವಾ," ಅಂತ ಕಣ್ಣು ಅರೆಮುಚ್ಚಿದರು. ನನಗೆ ಮೈ ಉರಿಯಿತು. ಸಂಸಾರಕ್ಕೆ ಯಾರು ರಬ್ಬರ್ ಮಾರುತ್ತಾರೆ?

ಒಂದು ಕೈ ಕಟ್ಟಿಕೊಂಡೇ ಕೆಲಸ ಮಾಡಿದರು. ಗಾಲಿಕುರ್ಚಿ ಕಚ್ಚಿ ಹಿಡಿಯುವ ಕೊಕ್ಕೆ, ನಮ್ಮವರ ಬಲಗೈಗೆ ನಿಲುಕುವಲ್ಲಿ ಒಂದು ಹಿಡಿ, ಔಷಧಿ ಸೀಸೆಗೆ ಒಂದೊಂದು ಗೂಡು, ಇಳಿಸಿ ಹತ್ತಿಸಲು ಮಡಚುವ ಹಲಗೆ. ದಸರಾ ಬಂತು. ದಸರಾ ರಜೆ ಮುಗಿದ ವಾರ, ನಾನು ಶಾಲೆಯಲ್ಲಿದ್ದಾಗ ಮನೆಗೆ ಬಂದಿದ್ದರಂತೆ. ಸಿಂಕಿನಲ್ಲಿ ಎರಡು ಲೋಟ ನೋಡಿ ಕೇಳಿದ್ದಕ್ಕೆ ಯಜಮಾನರು, "ಮೇಸ್ತ್ರಿ ಬಂದಿದ್ದ. ಇನ್ನೂ ಕೆಲಸ ಐತಂತ," ಅಂದರು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗೋಳು. ದೀಪಾವಳಿಗೆ ಹೋದೆ: "ಇನ್ನೂ ಐತೆ ಅಮ್ಮ." ಕಾರ್ತಿಕ ಮುಗಿದ ಮೇಲೆ ಹೋದೆ: "ಇನ್ನೂ ಐತೆ." ಏನಿದೆ ಅಂದರೆ ನೆಲ ನೋಡುವರು. ಒಮ್ಮೆ, "ಕಾರ್ಖಾನೇಲಿ ಬರ್ತ್ ಕೂರಿಸ್ದೋನು ಆಯ್ತು ಅನ್ನಂಗಿಲ್ಲಮ್ಮ. ನೋಡೋರು ಬ್ಯಾರೆ ಇರ್ತಾರೆ. ಅವ್ರು ಬಂದು ನೋಡಿ ಸರಿ ಅಂದ್ರೇನೆ ಆಯ್ತು," ಅಂದರು. "ಇಲ್ಲಿ ನೋಡೋರು ಯಾರು? ನಾನೇ ನೋಡ್ತೀನಿ, ತೆಗೀರಿ ಬಾಗಿಲು," ಅಂದೆ. ಕೈ ಕಟ್ಟಿಕೊಂಡು ನಿಂತರೇ ಹೊರತು ಬೀಗದ ಕೈ ಕೊಡಲಿಲ್ಲ. ನನಗೇನೂ ಅರ್ಥವಾಗಲಿಲ್ಲ. ಕಪಾಟು ಬಿದ್ದ ಭಯ ಇನ್ನೂ ಹೋಗಿಲ್ಲವೇನೋ ಅಂದುಕೊಂಡೆ. ವಯಸ್ಸಾಗಿ ತಲೆ ಸ್ವಲ್ಪ ಸಡಿಲವಾಗಿದೆಯೇನೋ ಅಂದುಕೊಂಡೆ. ಜಬರದಸ್ತಿ ಮಾಡಿ ತರೋಣವೆಂದರೆ, ನಿಜವಾಗಿಯೂ ಏನಾದರೂ ಬಾಕಿಯಿದ್ದು ದಾರಿಯಲ್ಲಿ ಕಳಚಿದರೆ? ಆ ಭುಜ ನೋಡಿದ್ದೆನಲ್ಲ. ಮನೆಗೆ ಬಂದು ಯಜಮಾನರ ಹತ್ತಿರ ಹಾರಾಡಿದರೆ ಅವರು, "ಅಂವಾ ಅರ್ಧಮರ್ಧ ಕೆಲಸ ಕೊಡೂ ಪೈಕಿ ಅಲ್ಲ, ಬಿಡು," ಅನ್ನುವರು. ಗದಗಿನ ಫೋನು ಬಂದಾಗೆಲ್ಲ "ಇನ್ನೊಂದು ವಾರ ಅಕ್ಕಾ, ಇನ್ನೊಂದೇ ವಾರ," ಅಂತ ನಾನು ಸುಳ್ಳು ಹೇಳುತ್ತಿದ್ದೆ. ಅವರ ದನಿ ವಾರವಾರಕ್ಕೆ ಸಣ್ಣದಾಗುತ್ತಿತ್ತು.

ಸಂಕ್ರಾಂತಿ ಕಳೆದು ನಾಲ್ಕನೇ ದಿನ ಅಕ್ಕ ತೀರಿಕೊಂಡರು.

ಯಜಮಾನರು ಗೋಡೆ ಕಡೆ ತಿರುಗಿ ಮಲಗಿದವರು ಮಣ್ಣಿಗೆ ಹೋಗುವ ಮಾತೇ ಎತ್ತಲಿಲ್ಲ. ಮಾರನೇ ಬೆಳಗ್ಗೆ ನಾನು ಶೆಡ್ಡಿಗೆ ಹೋಗಿ, "ಬೀಗದ ಕೈ ಕೊಡಿ," ಅಂದೆ. ನನ್ನ ಮುಖ ನೋಡಿ ಮೇಸ್ತ್ರಿ ಏನೂ ಕೇಳಲಿಲ್ಲ, ಕೊಟ್ಟರು. ಬಾಗಿಲು ತೆಗೆದು ನೋಡುತ್ತೇನೆ, ಎಲ್ಲ ಇದೆ. ಎಲ್ಲವೂ ಮುಗಿದಿದೆ. ಹಾಸಿಗೆಯ ಪ್ಲಾಸ್ಟಿಕ್ಕಿನ ಮೇಲೆ ಬೆರಳಿನಲ್ಲಿ ಬರೆಯುವಷ್ಟು ಧೂಳು.

"ಇದು ಯಾವಾಗ ಮುಗೀತು ಮೇಸ್ತ್ರಿ?"

"ದಸರಾಕ್ಕೆ."

"ಮತ್ತೆ ಯಾಕೆ ಕೊಡ್ಲಿಲ್ಲ?"

"ನೋಡೋರು ಬರ್ಲಿಲ್ವಲ್ಲಮ್ಮ."

ಆಮೇಲೆ ನಾನು ಏನೇನು ಅಂದೆನೋ ಎಲ್ಲವನ್ನೂ ಬರೆಯಲು ಈಗ ನಾಚಿಕೆಯಾಗುತ್ತದೆ. ನಿಮ್ಮ ಹಾಳು ಕಾರ್ಖಾನೆಯ ಪದ್ಧತಿಗೆ ಬೆಂಕಿ ಬೀಳ ಅಂದೆ. ಸಾಯುವವಳ ಕಣ್ಣಿಗೆ ತಮ್ಮನ ಮುಖ ತಪ್ಪಿಸಿದ ಪಾಪ ನಿಮ್ಮ ಕೈಗೆ ಹತ್ತಲಿ, ಇನ್ನು ಆ ಕೈಯಲ್ಲಿ ಒಂದು ಮೊಳೆಯೂ ನೆಟ್ಟಗೆ ನಿಲ್ಲದಿರಲಿ ಅಂದೆ. ಅಕ್ಕಪಕ್ಕದ ಶೆಡ್ಡಿನವರೆಲ್ಲ ಬಂದು ನಿಂತರು. ಮೇಸ್ತ್ರಿ ತಲೆ ಎತ್ತಲಿಲ್ಲ. ನಾನು ಅಳುತ್ತಾ ಗಾಡಿ ಸ್ಟಾರ್ಟ್ ಮಾಡಿದಾಗ ಕಿಟಕಿಯ ಹತ್ತಿರ ಬಂದು ಒಂದೇ ಮಾತು ಹೇಳಿದರು: "ನನ್ ಬೈದಿದ್ದು ಸಾರ್‌ಗೆ ಯೋಳ್ಬ್ಯಾಡಿ ಅಮ್ಮ. ನೊಂದ್ಕೋತಾರೆ."

ಇದೆಂಥ ಮಾತು? ಬೈಸಿಕೊಂಡವರು ಇವರು, ನೊಂದುಕೊಳ್ಳುವವರು ಅವರು? ಒಂದು ವರ್ಷ ಆ ಮಾತು ನನ್ನ ತಲೆಯಲ್ಲಿ ಕೂತು ಕೊರೆಯಿತು. ಆದರೂ ಹೇಳಲಿಲ್ಲ. ಕೆಲಸ ದಸರಾಕ್ಕೇ ಮುಗಿದಿತ್ತು ಅನ್ನುವುದನ್ನೂ ಯಜಮಾನರಿಂದ ಮುಚ್ಚಿಟ್ಟೆ, ಇದ್ದ ದುಃಖಕ್ಕೆ ಇದೊಂದು ಯಾಕೆ ಅಂತ. ವ್ಯಾನು ಮನೆ ಮುಂದೆ ಹೊಂಗೆ ಮರದ ಕೆಳಗೆ ನಿಂತಿತು. ಎಲ್ಲಿಗಾದರೂ ಹೋಗೋಣ ಬನ್ನಿ ಅಂದರೆ ನಮ್ಮವರು ಒಂದು ದಿನವೂ ಹತ್ತಲಿಲ್ಲ. ಪಕ್ಕದ ಮನೆಯ ಕೋಳಿಗಳು ಅದರ ಕೆಳಗೆ ಮೊಟ್ಟೆ ಇಟ್ಟವು.

ಚಿಲಕ ಮರೆತು ಬಂದ ಆ ದಿನ ಮನೆಗೆ ಬಂದು, "ಮೇಸ್ತ್ರಿ ಹೋದರಂತೆ," ಅಂದೆ. ಟಿವಿ ನೋಡುತ್ತಿದ್ದವರು ಆರಿಸಿದರು. ಇನ್ನು ಮುಚ್ಚಿಡಲಾರದೆ ನಾನು ಬಾಯಿ ಬಿಟ್ಟೆ. "ನಿಮಗೆ ಹೇಳಿರಲಿಲ್ಲ ರೀ. ವ್ಯಾನಿನ ಕೆಲಸ ದಸರಾಕ್ಕೇ ಮುಗಿದಿತ್ತು. ಆ ಪುಣ್ಯಾತ್ಮ ಸುಮ್ಮನೆ ಇಟ್ಟುಕೊಂಡು ಕೂತರು. ಇಲ್ಲದಿದ್ದರೆ ನೀವು ಅಕ್ಕನ್ನ ನೋಡಬಹುದಿತ್ತು. ಹೋಗಿ ಬಾಯಿಗೆ ಬಂದಂಗೆ ಬೈದು ಬಂದೆ."

"ಅಂವಗ ಯಾಕ ಬೈದಿ?" ಅಂದರು. ಆಮೇಲೆ, "ಕೆಲಸ ಮುಗದದ್ದು ನನಗ ಗೊತ್ತಿತ್ತು. ದಸರಾ ಮುಗದ ವಾರ ಬಂದು ಹೇಳಿದ್ದ. ನಾನ ಅಂದೆ, ನಾ ಬಂದು ನೋಡೂ ತನಕ ಕೊಡಬ್ಯಾಡ, ಆಕಿಗೂ ಹೇಳಬ್ಯಾಡ ಅಂತ. ಮಾತು ತಗೊಂಡಿದ್ದೆ."

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಅನ್ನಿಸಿತು. "ಯಾಕೆ?" ಅಂದೆ. ಮತ್ತೆ ಮತ್ತೆ ಅದನ್ನೇ ಕೇಳಿದೆ.

"ಅಕ್ಕ ನನ್ನ ಹಿಂಗ ನೋಡೂದು ಬ್ಯಾಡಾಗಿತ್ತು." ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. "ಆಕಿ ಕಣ್ಣಾಗ ನಾ ಇನ್ನೂ ಓಡ್ಯಾಡೂ ಹುಡುಗ. ಹಂಗ ಇರ್ಲಿ ಅಂದ್ಕೊಂಡೆ. ನಾಳೆ ಹೋಗೂಣು, ನಾಳೆ ಧೈರ್ಯಾ ಮಾಡೂಣು ಅಂತ ದಿನಾ ಅನ್ಕೋತಿದ್ದೆ. ಅಷ್ಟರಾಗ ಆಕಿ ಹೋಗಿಬಿಟ್ಲು."

ರೈಲು ಒಲ್ಲೆ ಅಂದದ್ದು, ಆಂಬುಲೆನ್ಸ್ ಒಲ್ಲೆ ಅಂದದ್ದು, ನೆಟ್‌ವರ್ಕ್ ಇಲ್ಲ ಅಂದದ್ದು ಎಲ್ಲ ನನ್ನ ಮುಂದೆ ಸಾಲಾಗಿ ಬಂದು ನಿಂತವು. ನಾನು ಅವನ್ನೆಲ್ಲ ಷರತ್ತು ಅಂದುಕೊಂಡು ಒಂದೊಂದಕ್ಕೂ ಉತ್ತರ ಹುಡುಕಿದ್ದೆ. ಬೇಡ ಅನ್ನುವುದನ್ನು ಅವರು ಇನ್ನೆಷ್ಟು ಸಲ ಹೇಳಬೇಕಿತ್ತು? ಸಿಟ್ಟು ಬಂತು, ಅದು ಯಾರ ಮೇಲೆ ಅಂತ ತಿಳಿಯಲಿಲ್ಲ. ಅವರ ಮೇಲೆ ಕೂಗಾಡೋಣವೆಂದರೆ ಆ ಕೈ ನೋಡಿದೆ. ಸತ್ತವರ ಮೇಲೆ ಆಗಲೇ ಕೂಗಾಡಿಬಿಟ್ಟಿದ್ದೆ. ಆ ಮನುಷ್ಯ ಅಷ್ಟು ಜನರ ಮುಂದೆ ನನ್ನ ಶಾಪ ತಿನ್ನುವ ಬದಲು, "ನಿಮ್ಮ ಗಂಡನೇ ಹೇಳಿದ್ದು" ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತಲ್ಲ? ಅಂದಿದ್ದರೆ ನಾನು ನಂಬುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ.

ಸಂಜೆ ಯಜಮಾನರು, "ಅಂವನ ಮನೀಗೆ ಕರಕೊಂಡು ಹೋಗ್ತಿಯೇನು?" ಅಂದರು.

ಹನ್ನೊಂದನೇ ದಿನ ಹೊರಟೆವು. ನೆರೆಮನೆಯವರು ಹಿಡಿದುಕೊಂಡರು, ಯಜಮಾನರನ್ನು ಆ ಮಂಚದ ಮೇಲೆ ಮಲಗಿಸಿ ಪಟ್ಟಿ ಕಟ್ಟಿದೆ. ಅದೇ ಕ್ಯಾಸಂಬಳ್ಳಿ ರಸ್ತೆ, ಅವೇ ಹಳ್ಳಗಳು, ಇನ್ನೂ ನಾಲ್ಕು ಜಾಸ್ತಿಯಾಗಿದ್ದವು. ಪ್ರತಿ ಹಳ್ಳಕ್ಕೂ ಗೇರ್ ಇಳಿಸಿ ಹಿಂದಕ್ಕೆ ಕಿವಿ ಕೊಡುತ್ತಿದ್ದೆ. ಹಿಂದೆ ಒಂದು ಕಿರ್ ಅನ್ನುವ ಶಬ್ದವೂ ಇಲ್ಲ. ಔಷಧಿ ಸೀಸೆ ಕೂಡ ಅಲುಗಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅವರು ಬಲಗೈಯಲ್ಲಿ ಆ ಹಿಡಿಯನ್ನು ಹಿಡಿದುಕೊಂಡು ತುಟಿ ಅಲುಗಿಸುತ್ತಿದ್ದರು. "ಏನು ಜಪ?" ಅಂದೆ. "ಆಕಿಗೆ ಏನಂತ ಹೇಳಬೇಕು? ತಪ್ಪಾತು ಅಂದ್ರ ಸಾಕಾ?" ಅಂದರು. ಮೇಸ್ತ್ರಿಯ ಹೆಂಡತಿಗೆ ಹೇಳುವ ಮಾತು ಅದು. ನನಗೂ ಅದೇ ಚಿಂತೆ.

ಮನೆ ಮುಂದೆ ಶಾಮಿಯಾನ ಹಾಕಿದ್ದರು. ಎರಡನೇ ಪಂಕ್ತಿ ಕೂತಿತ್ತು. ವ್ಯಾನಿನ ಹಲಗೆ ಇಳಿಸಿ, ಗಾಲಿಕುರ್ಚಿಯನ್ನು ನೂಕಿಕೊಂಡು ಕೆಳಗೆ ಬಂದೆ. ಊಟಕ್ಕೆ ಕೂತವರೆಲ್ಲ ಕೈ ಎಲೆಯ ಮೇಲೇ ಬಿಟ್ಟು ನೋಡಿದರು. ಮೇಸ್ತ್ರಿಯ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ನಾವು ಯಾರು ಅಂತ ಹೇಳುವ ಮೊದಲೇ, "ಬಂದ್ರಾ ಸಾರ್," ಅಂದು ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಆಯಪ್ಪ ಯೋಳಿದ್ರು ಸಾರ್. ನೀವು ಬಂದು ನೋಡೋಗಂಟ ಗಾಡಿ ಕೊಡಲ್ಲಾಂತ ನಿಮ್ಗೆ ಮಾತು ಕೊಟ್ಟಿದ್ರಂತೆ. ಈಯಮ್ಮ ಅತ್ಕೊಂಡು ಬಂದಾಗ ತಡ್ಕೊಳ್ಳಾಕಾಗ್ದೆ ಕೊಟ್ಬುಟ್ರಂತೆ. ಅದೇ ಕೊರಗು ಸಾರ್ ಆಯಪ್ಪಂಗೆ. ಮಾತು ತಪ್ಪಿಬುಟ್ಟೆ, ಸಾರ್ ಯಾವತ್ತಾದ್ರೂ ಬಂದೇ ಬತ್ತಾರೆ, ಬಂದ್ರೆ ಯೋಳು ಅಂದಿದ್ರು." ಅವರು ನಮ್ಮ ಯಜಮಾನರ ಎರಡೂ ಪಾದ ಮುಟ್ಟಿದರು. "ತಪ್ಪಾಯ್ತಂತೆ ಸಾರ್."

ನಮ್ಮ ಯಜಮಾನರು ಬಾಯಿ ತೆರೆದರು. ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಮಾತು ಬರಲಿಲ್ಲ, ಅಳು ಬಂತು. ಅಕ್ಕ ಸತ್ತಾಗಲೂ ಗೋಡೆ ಕಡೆ ತಿರುಗಿ ಮಲಗಿದ್ದವರು, ಅಷ್ಟು ಜನರ ಮುಂದೆ, ನಡುಬಿಸಿಲಿನಲ್ಲಿ, ಸೊಟ್ಟ ಬಾಯಿಯಲ್ಲಿ ಗಟ್ಟಿಯಾಗಿ ಅತ್ತರು. ನಾನು ಕಣ್ಣೊರೆಸಲು ಸೆರಗು ಹಿಡಿದು ಬಗ್ಗಿದೆ. ಬಲಗೈಯಿಂದ ನನ್ನನ್ನು ತಡೆದರು. ಎಲ್ಲರೂ ನೋಡುತ್ತಿದ್ದರು, ಅವರು ಮುಖ ಮುಚ್ಚಿಕೊಳ್ಳಲಿಲ್ಲ.